ಶ್ರುತಿಪೆಟ್ಟಿಗೆಯ ಪಯಣ

ಮಹದೇವಪುರದ ನಮ್ಮ ಮನೆಯ ಗೂಡಿನಲ್ಲಿ ನನ್ನ ಪತ್ನಿಯ ಶ್ರುತಿಪೆಟ್ಟಿಗೆಯು ಮೂರು ವರ್ಷಗಳಿಂದ ಮೌನವಾಗಿ ಕುಳಿತಿತ್ತು. ಅದು ತಿದಿಯೊತ್ತುವ ಮರದ ಪೆಟ್ಟಿಗೆಯಲ್ಲ, ವಿದ್ಯುತ್ತಿನಿಂದ ನುಡಿಯುವಂಥದು. ಇಂಜಿನಿಯರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಮುಂದೆ ಇಂಥ ಉಪಕರಣಗಳು ಸಂಗೀತ ಕಲಿಯುವವರ ಮನೆಗಳನ್ನು ಸೇರಿದವು. ನನ್ನಾಕೆ ತನ್ನ ಐದೂವರೆ ಮನೆಯ ಶ್ರುತಿಗೆ ತಿರುಪನ್ನು ಹೊಂದಿಸಿ, ಅಲ್ಲೊಂದು ಕೆಂಪು ಬೊಟ್ಟನ್ನಿಟ್ಟಿದ್ದಳು. ಅವಳು ಕಾಲವಾದ ಮೇಲೆ ಆ ತಿರುಪನ್ನು ಯಾರೂ ಮುಟ್ಟಿರಲಿಲ್ಲ.

ಒಂದು ದಿನ ಟೊರಾಂಟೊದಿಂದ ಮೊಮ್ಮಗಳು ಫೋನಿನಲ್ಲಿ, “ತಾತಾ, ಅಜ್ಜಿಯ ಶ್ರುತಿಪೆಟ್ಟಿಗೆ ನನಗೆ ಕಳಿಸಿಕೊಡುತ್ತೀರಾ?” ಎಂದು ಕೇಳಿದಳು. ಕೈಯೊಳಗಿನ ಫೋನೇ ತಂಬೂರಿಯಂತೆ ನುಡಿಯುವ ಕಾಲವಿದು. ಆದರೂ ಮಗು ಕೇಳಿದ್ದು ಅಜ್ಜಿಯದನ್ನು. ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಕೊಡಲೂ ಸುಲಭವಾಗಿ ಒಪ್ಪಲಿಲ್ಲ. ಎರಡು ದಿನ ಯೋಚಿಸಿ, ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಸಿದ್ಧಮಾಡಿದೆ.

ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಿಂದ ನಿವೃತ್ತರಾದ ನೆರೆಯವರು ಅದನ್ನು ಕಂಡು ನಕ್ಕರು. “ಮೇಷ್ಟ್ರೇ, ಇದೇನು ಪುಸ್ತಕದ ಗಂಟೇ?” ಎಂದು, ಮೊದಲು ಒಳಗಿನ ಸೆಲ್ಲುಗಳನ್ನು ತೆಗೆದರು. ಅವು ಸೋರಿದರೆ ಲೋಹದ ತುದಿಗಳು ಕೆಡುತ್ತವಂತೆ. ಪೆಟ್ಟಿಗೆಯನ್ನೊಂದು ರಟ್ಟಿನ ಡಬ್ಬಿಯಲ್ಲಿಟ್ಟು, ಅದನ್ನು ಇನ್ನೂ ದೊಡ್ಡ ಡಬ್ಬಿಯಲ್ಲಿರಿಸಿ, ಆರೂ ಕಡೆ ಸ್ಪಂಜು ತುಂಬಿದರು. ಬಿದ್ದರೂ ಪೆಟ್ಟು ಹೊರಗೇ ಅಡಗಬೇಕು. ಮತ್ತೊಂದು ಎಚ್ಚರಿಕೆಯನ್ನೂ ಹೇಳಿದರು: ಈ ಪೆಟ್ಟಿಗೆಗೆ 230 ವೋಲ್ಟ್ ಬೇಕು, ಕೆನಡಾದ ಮನೆಗಳ ಗೋಡೆಯಲ್ಲಿ ದೊರೆಯುವುದು 120. ಆದ್ದರಿಂದ ಅಲ್ಲಿ ವೋಲ್ಟೇಜನ್ನು ಇಮ್ಮಡಿಸುವ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು.

ಸುಂಕದ ಪತ್ರದಲ್ಲಿ ಬೆಲೆಯ ಅಂಕಣಕ್ಕೆ ಬಂದಾಗ ನನ್ನ ಲೇಖನಿ ನಿಂತಿತು. ನನ್ನ ಪಾಲಿನ ಬೆಲೆಯನ್ನು ಬರೆಯುವಂತಿಲ್ಲ. ಬೆಲೆಯೇ ಇಲ್ಲವೆಂದರೆ ಸುಳ್ಳಾದೀತು. ‘ಬಳಸಿದ ಸಂಗೀತೋಪಕರಣ, ಉಡುಗೊರೆ’ ಎಂದು ನಮೂದಿಸಿ, ಪೇಟೆಯಲ್ಲಿ ಅಂಥದಕ್ಕೆ ಸಿಗಬಹುದಾದ ಮೊತ್ತವನ್ನು ಬರೆದೆ.

ನಮ್ಮ ಸೀಮೆಗೆ ಕಡಲಿಲ್ಲ. ಆದರೂ ವೈಟ್‌ಫೀಲ್ಡಿನ ಕಂಟೇನರ್ ನಿಲ್ದಾಣದಲ್ಲಿ ಸುಂಕದ ತಪಾಸಣೆ ಮುಗಿಸಿದ ಸರಕು ರೈಲಿನಲ್ಲಿ ಚೆನ್ನೈ ಬಂದರನ್ನು ಸೇರಿ ಹಡಗೇರುತ್ತದೆ. ನನ್ನ ಪೊಟ್ಟಣ ಹೋದದ್ದು ವಿಮಾನದಲ್ಲಿ. ಆದರೂ ಆ ದಿನಗಳಲ್ಲಿ ಗೂಡ್ಸ್ ರೈಲಿನ ಸದ್ದು ಕೇಳಿದಾಗಲೆಲ್ಲ ನನ್ನ ಎದೆ ಅಳುಕುತ್ತಿತ್ತು.

ಎರಡು ವಾರಗಳ ಅನಂತರ ಫೋನು ಬಂದಿತು. ಆಚೆಯಿಂದ ಪರಿಚಿತವಾದ ಷಡ್ಜ ಕೇಳಿಸಿತು. ನನಗೆ ಮಾತೇ ಹೊರಡಲಿಲ್ಲ.

“ತಾತಾ, ನನ್ನ ದನಿಗೆ ಆರು ಮನೆ ಬೇಕಂತೆ. ಈ ಕೆಂಪು ಬೊಟ್ಟಿನಿಂದ ತಿರುಪನ್ನು ಸರಿಸಲೇ?” ಎಂದು ಮಗು ಕೇಳಿತು.

ನಾನು ಒಂದು ಗಳಿಗೆ ಸುಮ್ಮನಿದ್ದೆ. ತನ್ನ ಶಿಷ್ಯೆಯರ ದನಿಗೆ ತಕ್ಕಂತೆ ದಿನವೂ ತಿರುಪನ್ನು ಸರಿಸಿ, ಪಾಠ ಮುಗಿದ ಮೇಲೆ ಬೊಟ್ಟಿಗೆ ಮರಳಿಸುತ್ತಿದ್ದವಳು ನೆನಪಾದಳು.

“ಸರಿಸು ಮಗು,” ಎಂದೆ. “ಹಾಡುವವರದೇ ಶ್ರುತಿ.”