ಎರಡು ಎಕರೆ ಇಪ್ಪತ್ತು ಏನು?

ಡೇಟಾಬೇಸ್ ಮೈಗ್ರೇಶನ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ, "ಮನೆ ಖಾಲಿ ಮಾಡಿ ಇನ್ನೊಂದು ಮನೆಗೆ ಸಾಮಾನು ಸಾಗಿಸಿದ ಹಾಗೆ" ಅನ್ನೋ ರೆಡಿಮೇಡ್ ಉತ್ತರ ಕೊಡ್ತಿದ್ದೆ. ಈಗ ಕೊಡಲ್ಲ. ಮನೆ ಬದಲಾಯಿಸುವಾಗ ಲಾರಿಗೆ ಹತ್ತಿಸಿದ ಕುಕ್ಕರ್ ಕುಕ್ಕರ್ ಆಗಿಯೇ ಇಳಿಯುತ್ತೆ. ಡೇಟಾ ಹಾಗಲ್ಲ. ಇಲ್ಲಿ ಹತ್ತಿಸಿದ್ದೂ 2.20, ಅಲ್ಲಿ ಇಳಿದದ್ದೂ 2.20. ಅರ್ಥ ಮಾತ್ರ ದಾರಿಯಲ್ಲಿ ಎಲ್ಲೋ ಇಳಿದು ಹೋಗಿರುತ್ತೆ.

ನನ್ನೂರು ಮಾಗಳ. ಹೂವಿನಹಡಗಲಿ ತಾಲೂಕು, ತುಂಗಭದ್ರಾ ದಂಡೆ. ಹಡಗಲಿ ಅಂದರೆ ಮಲ್ಲಿಗೆ ನೆನಪಾಗುತ್ತೆ ನಿಮಗೆ, ನಮಗೆ ಹೊಳೆ, ಹೊಲ, ಪಹಣಿ. ಕೆಲಸ ಬೆಂಗಳೂರಿನಲ್ಲಿ. ಒಂದು ಕಂಪನಿಯ ಡೇಟಾವನ್ನು ಇನ್ನೊಂದು ಕಂಪನಿಯ ಸಾಫ್ಟ್‌ವೇರ್‌ಗೆ ಸಾಗಿಸೋದೇ ನನ್ನ ಹೊಟ್ಟೆಪಾಡು. ಕಳೆದ ಪ್ರಾಜೆಕ್ಟ್, ರೈತರಿಗೆ ಸಾಲ ಕೊಡುವ ಒಂದು ಸಂಸ್ಥೆಯದು. ಹದಿನೈದು ವರ್ಷದಿಂದ ಒರಾಕಲ್‌ನಲ್ಲಿದ್ದ ದಾಖಲೆಗಳನ್ನು ಪೋಸ್ಟ್‌ಗ್ರೆಸ್‌ಗೆ ತರಬೇಕಿತ್ತು. ಕಾರಣ ಸರಳ: ಒರಾಕಲ್ ಲೈಸೆನ್ಸಿಗೆ ದುಡ್ಡು ಸುರಿಯಬೇಕು, ಪೋಸ್ಟ್‌ಗ್ರೆಸ್ ಉಚಿತ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಪ್ರಾಜೆಕ್ಟ್ ಅದು, ಇವತ್ತು ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಬಳಸುತ್ತವೆ. ಅದರ ಲೋಗೋ ಆನೆ. ಹಂಪಿಯ ಆನೆ ಲಾಯ ನೋಡುತ್ತಾ ಬೆಳೆದ ಜಿಲ್ಲೆಯವಳಿಗೆ ಇದೊಂದು ಸಣ್ಣ ಖುಷಿ.

ಮೊದಲ ಟೆಸ್ಟ್ ರನ್‌ನಲ್ಲೇ ಜನ ಕಾಣೆಯಾದರು. ಅಂದರೆ ಸಾಲ ಇದೆ, ಖಾತೆ ನಂಬರ್ ಇದೆ, ಹೆಸರಿನ ಜಾಗ ಖಾಲಿ. ಹುಡುಕಿದರೆ ಎಲ್ಲರೂ ಸರ್‌ನೇಮ್ ಇಲ್ಲದವರು. ನಮ್ಮ ಕಡೆ ಬಸಪ್ಪ ಅಂದರೆ ಬಸಪ್ಪ, ಹುಲಿಗೆಮ್ಮ ಅಂದರೆ ಹುಲಿಗೆಮ್ಮ, ಮುಂದೆ ಇನ್ನೇನೂ ಇರಬೇಕಾಗಿಲ್ಲ. ಒರಾಕಲ್‌ನಲ್ಲಿ ಹೆಸರಿಗೆ ಖಾಲಿ ಸರ್‌ನೇಮ್ ಜೋಡಿಸಿದರೆ ಹೆಸರು ಹೆಸರಾಗಿಯೇ ಉಳಿಯುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ 'ನಲ್' ಅನ್ನೋದನ್ನು ಯಾವುದಕ್ಕೆ ಜೋಡಿಸಿದರೂ ಇಡೀ ಉತ್ತರವೇ ನಲ್. ಸರ್‌ನೇಮ್ ಇಲ್ಲದ ತಪ್ಪಿಗೆ ಬಸಪ್ಪನೇ ಮಾಯ! ಈ ವ್ಯತ್ಯಾಸ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರೋದೇ, ಕೋಡ್‌ನಲ್ಲಿ ಎಲ್ಲೆಲ್ಲಿ ಜೋಡಣೆ ಇದೆಯೋ ಅಲ್ಲೆಲ್ಲ ತಿದ್ದಿದರೆ ಮುಗೀತು. ಆದರೆ ನನಗೆ ನಗು ಬರಲಿಲ್ಲ. ಕೆಲವು ವರ್ಷದ ಹಿಂದೆ ಅಪ್ಪನ ಬ್ಯಾಂಕು ಇನ್ನೊಂದರ ಜತೆ ವಿಲೀನವಾದಾಗ (ಯಾವ ಬ್ಯಾಂಕು ಅಂತ ಬೇಡ) ಹೊಸ ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರು ಬರೀ ಇನಿಷಿಯಲ್ ಆಗಿ ಬಂದಿತ್ತು. ಆಧಾರ್ ಜತೆ ತಾಳೆ ಆಗಲಿಲ್ಲ, ಎರಡು ಕಂತು ಸಹಾಯಧನ ನಿಂತಿತು. ಅಪ್ಪ ಹಡಗಲಿಗೆ ಎಷ್ಟು ಸಲ ಬಸ್ ಹತ್ತಿದರೋ. ಯಾವುದೋ ಊರಿನ ಎಸಿ ರೂಮಿನಲ್ಲಿ ನನ್ನಂಥವಳೇ ಒಬ್ಬಳು "ಎಣಿಕೆ ಸರಿ ಇದೆ" ಅಂತ ಟಿಕ್ ಹಾಕಿರಬೇಕು ಅನ್ನಿಸ್ತು.

ಎಣಿಕೆ ಸರಿ ಇರೋದು ಸುಲಭ. ಅಲ್ಲಿ ಲಕ್ಷ ಸಾಲು, ಇಲ್ಲಿ ಲಕ್ಷ ಸಾಲು. ಕೂಡಿದ ಮೊತ್ತವೂ ಒಂದೇ. ಮ್ಯಾನೇಜರ್‌ಗೆ ಖುಷಿ.

ಜಮೀನಿನ ವಿಸ್ತೀರ್ಣದ ಕಾಲಂ ಹಾಗೇ ಪಾಸ್ ಆಗುವುದರಲ್ಲಿತ್ತು. ಹಳೇ ಸಿಸ್ಟಮ್‌ನಲ್ಲಿ ಅದು ಬರೀ ಒಂದು ದಶಮಾಂಶ ಸಂಖ್ಯೆ: 2.20, 3.75, 1.08. ಎಕರೆಯ ಮುಂದಿನದು ಏನು ಅಂತ ಎಲ್ಲೂ ಬರೆದಿಲ್ಲ. ಹೊಸ ಸಿಸ್ಟಮ್‌ನಲ್ಲಿ ಎಲ್ಲವನ್ನೂ ಹೆಕ್ಟೇರ್ ಮಾಡಿ ಇಡಬೇಕು. ನಮ್ಮ ಟೀಮಿನ ಹುಡುಗ, ಚುರುಕು, ಇಂದೋರ್ ಕಡೆಯವನು, ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ ಅಂತ ನೆಟ್‌ನಲ್ಲಿ ನೋಡಿ ಸ್ಕ್ರಿಪ್ಟ್ ಬರೆದಿದ್ದ. 3.75 ಬಂದರೆ? 75 ಗುಂಟೆ ಇರಲು ಸಾಧ್ಯವಿಲ್ಲವಲ್ಲ, ಅದಕ್ಕೆ 'ಕ್ಲೀನಿಂಗ್' ಮಾಡಿ 4 ಎಕರೆ 35 ಗುಂಟೆ ಮಾಡಿದ್ದ. ಸ್ಯಾಂಪಲ್ ಸಾಲುಗಳನ್ನು ನೋಡ್ತಾ ಇದ್ದೆ, ಕೂಡ್ಲಿಗಿ ತಾಲೂಕಿನ ಒಂದು ಹೊಲ ಕಣ್ಣೆದುರೇ ಒಂದು ಎಕರೆ ಐದು ಗುಂಟೆ ಬೆಳೆದುಬಿಟ್ಟಿತ್ತು.

ಊರಿಗೆ ಫೋನ್ ಹಚ್ಚಿದೆ. "ಅಪ್ಪಾ, ನಮ್ಮ ಹೊಲದ ಲೆಕ್ಕ ಸೆಂಟ್ಸಿನಾಗೋ ಗುಂಟೆನಾಗೋ?"

"ಸೆಂಟ್ಸೇ ಅಲ್ಲೇನವ್ವಾ ನಮ್ದು! ಗುಂಟಿ ಲೆಕ್ಕ ಹೊಳಿ ಆಚಿಗೆ. ಯಾಕ, ಹೊಲ ಮಾರಾಕ ಹೊಂಟೀ ಏನು?"

ಅಪ್ಪ ತಮಾಷೆಗೆ ಅಂದದ್ದು, ಆದರೆ ಇತಿಹಾಸದ ಅರ್ಧ ಪಾಠ ಅದರಲ್ಲೇ ಇದೆ. 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆ ಮದ್ರಾಸಿನದು. ಆವತ್ತು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಲ್ಲ ಮೈಸೂರಿಗೆ ಬಂದವು. ಹೊಳೆಯ ಆ ದಡದ ಹಾವೇರಿ-ಗದಗ ಸೀಮೆ ಮುಂಬೈ ಪ್ರಾಂತ್ಯದ ಕಡೆ ಇದ್ದದ್ದು. ಮುಂಬೈ, ಮೈಸೂರಿನವರು ಅಳೆದದ್ದು ಗುಂಟೆಯಲ್ಲಿ: 33 ಅಡಿ ಉದ್ದ, 33 ಅಡಿ ಅಗಲದ ಒಂದು ಚೌಕ ಒಂದು ಗುಂಟೆ, ಅಂಥ 40 ಚೌಕಕ್ಕೆ ಒಂದು ಎಕರೆ. ಮದ್ರಾಸಿನವರದು ನೇರ ಲೆಕ್ಕ, ಎಕರೆಗೆ 100 ಸೆಂಟ್ಸ್. ಮಂಗಳೂರು ಕಡೆಯ ಸ್ನೇಹಿತರು ಇವತ್ತಿಗೂ "ಹತ್ತು ಸೆಂಟ್ಸ್ ಜಾಗ" ಅನ್ನೋದು ಇದೇ ಕಾರಣಕ್ಕೆ, ಅವರದ್ದೂ ಮದ್ರಾಸ್ ಪ್ರಾಂತ್ಯವೇ ಆಗಿತ್ತು. ರಾಜ್ಯ ಬದಲಾಯಿತು, ಕರಣಂ ಹೋಗಿ ಗ್ರಾಮ ಲೆಕ್ಕಿಗರು ಬಂದರು, ಭಾಷಣದ ಭಾಷೆ ಬದಲಾಯಿತು. ಹೊಲದ ಮಾತಿನಲ್ಲಿ ಸೆಂಟ್ಸು ಉಳಿಯಿತು.

ಇಷ್ಟು ಹೊತ್ತು ಸೆಂಟ್ಸು, ಗುಂಟೆ ಅಂತ ಯಾಕೆ ಕೊರೀತಿದಾಳೆ ಅನ್ನಿಸಿದರೆ ಒಂದು ಲೆಕ್ಕ ನೋಡಿ. 2 ಎಕರೆ 20 ಸೆಂಟ್ಸ್ ಅಂದರೆ ಸುಮಾರು 0.89 ಹೆಕ್ಟೇರ್. ಒಂದು ಹೆಕ್ಟೇರ್ ಒಳಗೆ ಇರುವವರು ಅತಿ ಸಣ್ಣ ರೈತರು. ಅದೇ 2.20 ಅನ್ನು ಗುಂಟೆ ಅಂತ ಓದಿದರೆ ಎರಡೂವರೆ ಎಕರೆ, ಅಂದರೆ 1.01 ಹೆಕ್ಟೇರ್. ಗೆರೆ ದಾಟಿತು. ಅತಿ ಸಣ್ಣ ರೈತರಿಗೆ ಅಂತ ಇರುವ ಯಾವುದೇ ಸೌಲಭ್ಯದ ಪಟ್ಟಿಯಿಂದ ಆ ಮನುಷ್ಯ ಹೊರಗೆ. ಅವನಿಗೆ ಕಾರಣ ಹೇಳೋರೂ ಇರಲ್ಲ. ಕೌಂಟರಿನಲ್ಲಿ ಕೂತವರು "ಸಿಸ್ಟಮ್ ತಗೊಳ್ತಿಲ್ಲ ಯಜಮಾನ್ರೇ" ಅಂತಾರೆ.

ಮೀಟಿಂಗ್‌ನಲ್ಲಿ ಹೇಳಿದೆ. ಮ್ಯಾನೇಜರ್ ಒಪ್ಪಿದರು, ಕೆಟ್ಟವರೇನಲ್ಲ, ಆದರೆ ಕಟ್‌ಓವರ್‌ಗೆ ಒಂಬತ್ತು ದಿನ ಉಳಿದಿತ್ತು. "ಫೈನ್, ಡಿಸ್ಟ್ರಿಕ್ಟ್ ಕೋಡ್ ನೋಡಿ ರೂಲ್ ಹಾಕಿ. ಬಳ್ಳಾರಿ, ವಿಜಯನಗರ ಸೆಂಟ್ಸ್. ಅಕ್ಕಪಕ್ಕದ ಜಿಲ್ಲೆಗಳೆಲ್ಲ ಗುಂಟೆ. ಮುಂದಕ್ಕೆ ಹೋಗೋಣ."

ಹರಪನಹಳ್ಳಿ? ನಾನು ಕೇಳಿದ್ದು ಇಷ್ಟೇ. ಯಾರಿಗೂ ಅರ್ಥ ಆಗಲಿಲ್ಲ, ಆಗಬೇಕಾಗೂ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ಅಲ್ಲಿಗೆ ಸೇರಿಸಿದರು. ಇಪ್ಪತ್ತು ವರ್ಷ ದಾಟಿದ ಮೇಲೆ ಹೋರಾಟ ಆಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ. ಒಂದೇ ಊರು, ಮೂರು ಜಿಲ್ಲೆ. ನಮ್ಮ ಹಳೇ ಟೇಬಲ್‌ನಲ್ಲಿ ಅಲ್ಲಿನ ರೈತರು ಸಾಲ ತಗೊಂಡ ವರ್ಷದ ಪ್ರಕಾರ ಮೂರು ಕೋಡ್‌ಗಳಲ್ಲಿ ಹಂಚಿಹೋಗಿದ್ದರು. ದಾವಣಗೆರೆ ಕೋಡ್ ಇದ್ದವರೆಲ್ಲ ರೂಲ್ ಪ್ರಕಾರ ಗುಂಟೆ ಆಗಿಬಿಡ್ತಿದ್ದರು. ಅಣ್ಣನ ಹೊಲ ಒಂದು ಅಳತೆ, ಪಕ್ಕದ ತಮ್ಮನ ಹೊಲ ಇನ್ನೊಂದು.

ಕೊನೆಗೆ ಕೈ ಹಿಡಿದದ್ದು ಒಂದು ಸರಳ ಪರೀಕ್ಷೆ. ಗುಂಟೆ ಲೆಕ್ಕದ ಊರಿನಲ್ಲಿ ಚುಕ್ಕಿಯ ಮುಂದೆ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬರುವಂತೆಯೇ ಇಲ್ಲ. ಜಿಲ್ಲೆ ಬಿಟ್ಟು ಊರೂರಿನ ಲೆಕ್ಕ ತೆಗೆದೆ. ಒಂದು ಊರಿನಲ್ಲಿ .55, .80, .92 ಹೀಗೆ ಮತ್ತೆ ಮತ್ತೆ ಬರ್ತಾ ಇದ್ದರೆ ಅದು ಸೆಂಟ್ಸಿನ ಊರು. ನೂರಾರು ಸಾಲು ಇದ್ದೂ ಒಂದೂ .39 ದಾಟದಿದ್ದರೆ ಗುಂಟೆ. ಸ್ಕ್ರೀನ್ ಮೇಲೆ ನಕ್ಷೆ ಹಾಕಿ ನೋಡಿದರೆ ತುಂಗಭದ್ರೆ ಎದ್ದು ಕಾಣ್ತಿತ್ತು: ಈ ದಡ ಒಂದು ಬಣ್ಣ, ಆ ದಡ ಇನ್ನೊಂದು. ಇಂದೋರ್ ಹುಡುಗ "ದೀದಿ, ಇದು ನದಿಯಾ?" ಅಂತ ಕುರ್ಚಿ ಎಳಕೊಂಡು ಬಂದ.

ಐದಾರು ಸಾಲ ಮಾತ್ರ ಇದ್ದ ಸಣ್ಣ ಊರುಗಳಲ್ಲಿ ಈ ಪರೀಕ್ಷೆ ನಡೆಯಲ್ಲ. ಅಂಥವನ್ನು ಪಟ್ಟಿ ಮಾಡಿ ಶಾಖೆಗಳಿಗೆ ಫೋನ್ ಮಾಡಿದೆವು. ಹರಪನಹಳ್ಳಿ ಕಡೆಯ ಒಬ್ಬ ಹಿರಿಯ ಗುಮಾಸ್ತರು, ಇನ್ನೇನು ರಿಟೈರ್ ಆಗೋರು, ಪಟ್ಟಿ ಪೂರ್ತಿ ಓದಲೂ ಬಿಡಲಿಲ್ಲ. "ಎಲ್ಲಾ ಸೆಂಟ್ಸು ಹಾಕ್ಕೋರಿ ಮೇಡಮ್. ನಮ್ಮನ್ನ ಯಾವ ಜಿಲ್ಲಾಕ್ಕ ಒಗದ್ರೂ ಅಳತಿ ಅದ ಐತಿ." ಹದಿನೈದು ವರ್ಷ ಆ ಕಾಲಂ ಸರಿಯಾಗಿ ನಡೆದದ್ದು ಇಂಥವರ ತಲೆಯಲ್ಲಿ. ಸ್ಕ್ರೀನಿನಲ್ಲಿ 2.20 ಕಂಡರೆ ಅವರು ತಾವೇ ಸೆಂಟ್ಸ್ ಅಂತ ಓದಿಕೊಳ್ತಿದ್ದರು. ಯಾರೂ ಬರೆದಿಡಲಿಲ್ಲ, ಯಾರೂ ಕೇಳಲೂ ಇಲ್ಲ.

ಇದಕ್ಕೆ ಹೋಲಿಸಿದರೆ 2000ದ ಆಸುಪಾಸಿನ 'ಭೂಮಿ' ಯೋಜನೆ ನೆನೆಸಿಕೊಂಡರೆ ತಲೆ ತಿರುಗುತ್ತೆ. 177 ತಾಲೂಕು, 67 ಲಕ್ಷ ರೈತರು, ಸುಮಾರು 2 ಕೋಟಿ ಪಹಣಿ. ಅದೂ ಡೇಟಾಬೇಸಿನಿಂದ ಡೇಟಾಬೇಸಿಗಲ್ಲ, ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಲಿ ಮೂಲದ ಜತೆ ತಾಳೆ ನೋಡಿಸಿದರಂತೆ. ನಾವು ಈಗ ಇದಕ್ಕೆ 'ಬಿಸಿನೆಸ್ ಯೂಸರ್ ವ್ಯಾಲಿಡೇಶನ್' ಅಂತ ದೊಡ್ಡ ಹೆಸರಿಟ್ಟು, ಟೈಮ್ ಕಮ್ಮಿ ಇದ್ದಾಗ ಮೊದಲು ಅದನ್ನೇ ಕತ್ತರಿಸ್ತೀವಿ.

ಶನಿವಾರ ರಾತ್ರಿ ಕಟ್‌ಓವರ್. ಕಾಯ್ತಾ ಕೂತಾಗ ಹೊಳೆದ ಇನ್ನೊಂದು ವಿಷಯ ಹೇಳಿಬಿಡ್ತೀನಿ, ಕನ್ನಡದಲ್ಲಿ ಡೇಟಾ ಇಡುವವರಿಗೆ ಉಪಯೋಗ ಆಗಬಹುದು. ಯುಟಿಎಫ್-8ನಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಕೊಂಬು, ಗುಡಿಸು, ಒತ್ತಿಗೆ ಹಾಕುವ ವಿರಾಮ ಎಲ್ಲ ಬೇರೆ ಬೇರೆ ಲೆಕ್ಕ. 'ಮಾಗಳ' 12 ಬೈಟ್‌ನಲ್ಲಿ ಆರಾಮಾಗಿ ಕೂರುತ್ತೆ. 'ಹಗರಿಬೊಮ್ಮನಹಳ್ಳಿ'ಗೆ 45 ಬೇಕು. ಹಳೇ ಒರಾಕಲ್ ಕಾಲಂ 40 ಬೈಟ್ ಇತ್ತು. ಹಾಗಾಗಿ ಅಷ್ಟು ವರ್ಷ ಆ ತಾಲೂಕಿನ ಹೆಸರು ಅರ್ಧಕ್ಕೇ ನಿಂತಿತ್ತು, 'ಹಗರಿಬೊಮ್ಮನಹಳ್' ಅಂತ. ಪೋಸ್ಟ್‌ಗ್ರೆಸ್ ಬೈಟ್ ಬಿಟ್ಟು ಅಕ್ಷರ ಎಣಿಸುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಪೂರ್ತಿ ಹೆಸರು ಸ್ಕ್ರೀನ್ ಮೇಲೆ ಬಂದಾಗ ಸ್ಕ್ರೀನ್‌ಶಾಟ್ ತೆಗೆದು ಅಲ್ಲಿನ ಗೆಳತಿಗೆ ಕಳಿಸಿದೆ. "ನಿದ್ದಿ ಮಾಡೇ" ಅಂತ ಉತ್ತರ ಬಂತು.

ಮುಂದಿನ ಹಂತ ಜನ್ಮದಿನಾಂಕದ ಕಾಲಂ. ಮೊನ್ನೆ ತೆರೆದು ನೋಡಿದ ಹುಡುಗನಿಗೆ ಗಾಬರಿ. ಇಷ್ಟೊಂದು ಜನ ಜೂನ್ 1ಕ್ಕೇ ಹುಟ್ಟಿದ್ದಾರಲ್ಲ ದೀದಿ, ಇದೇನು ಸಿಸ್ಟಮ್ ಹಾಕಿದ ಡೀಫಾಲ್ಟ್ ವ್ಯಾಲ್ಯೂನಾ ಅಂತ ಕೇಳಿದ. ಸಿಸ್ಟಮ್ ಅಲ್ಲಪ್ಪಾ, ಹೆಡ್‌ಮಾಸ್ತರು ಅಂದೆ. ನಮ್ಮಪ್ಪನದೂ ಅದೇ ದಿನ.