ಮಕ್ಕಳಿಗೆ ಕೈಬೀಸುವ ರಾಜ

ಮೇ ತಿಂಗಳಲ್ಲಿ ಓಸ್ಲೋದ ಸೂರ್ಯನಿಗೆ ನಿದ್ದೆಯೇ ಇಲ್ಲ. ಬೆಳಗಿನ ನಾಲ್ಕೂವರೆಗೆಲ್ಲ ಕಿಟಕಿಯಲ್ಲಿ ಹಾಜರ್. ಹದಿನೇಳನೇ ತಾರೀಖಿನಂದು ನಮ್ಮ ಹಾಸ್ಟೆಲಿನ ಹುಡುಗರೂ ಅವನಿಗೆ ಸರಿಸಮ ಎದ್ದುಬಿಟ್ಟಿದ್ದರು. ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಬಂದ ನನಗೆ ಅದು ನಾರ್ವೆಯ ಮೊದಲ ರಾಷ್ಟ್ರೀಯ ಹಬ್ಬ. ಥರ್ಮಲ್ ತೊಟ್ಟು, ಮೇಲೆ ಇಳಕಲ್ ಸೀರೆ ಉಟ್ಟು ಹೊರಟೆ.

ಬೀದಿಗಿಳಿದರೆ ಯಾರಿಗೂ ನನ್ನ ಸೀರೆ ವಿಶೇಷವೆನಿಸಲಿಲ್ಲ. ಅವರೆಲ್ಲ ಬೂನಾದ್ ತೊಟ್ಟಿದ್ದರು! ಕಸೂತಿ ಹಾಕಿದ ಉಣ್ಣೆಯ ಲಂಗ, ಎದೆಯ ಮೇಲೆ ಗಲಗಲ ಅಲ್ಲಾಡುವ ಬೆಳ್ಳಿಯ ಪಿನ್ನುಗಳು. ನಮ್ಮಲ್ಲಿ ಹಿಂದೆ ನೆರಿಗೆ ಹಾಕಿದ ಸೀರೆ ಕಂಡರೆ ಕೊಡಗಿನವರು ಅಂತ ಗೊತ್ತಾಗುವ ಹಾಗೆ, ಅಲ್ಲಿ ಕಸೂತಿ ನೋಡಿಯೇ ಇವರು ತೆಲೆಮಾರ್ಕ್‌ನವರು, ಅವರು ಹಾರ್ದಾಂಗರ್‌ನವರು ಎಂದು ಹೇಳಿಬಿಡುತ್ತಾರೆ. ನಡುವೆ ಕೆಂಪು ಡಾಂಗ್ರಿ ತೊಟ್ಟ ಹದಿಹರೆಯದವರ ಗುಂಪುಗಳು. ಇವರು ಹೈಸ್ಕೂಲು ಮುಗಿಸುತ್ತಿರುವ ‘ರುಸ್’ಗಳು, ವಾರಗಟ್ಟಲೆ ಕುಣಿದು ನಿದ್ದೆಗೆಟ್ಟ ಕಣ್ಣು. ತಮ್ಮ ಫೋಟೋ ಇರುವ ತಮಾಷೆಯ ಕಾರ್ಡು ಹಂಚುತ್ತಾರೆ, ಚಿಕ್ಕ ಮಕ್ಕಳು ಅದಕ್ಕಾಗಿ ಮುತ್ತಿಕೊಳ್ಳುತ್ತವೆ.

ಕಾರ್ಲ್ ಯೊಹಾನ್ ರಸ್ತೆಯಲ್ಲಿ ನಿಂತು ನಾನು ಕಾದದ್ದು ಸೈನ್ಯಕ್ಕೆ. ಜನವರಿ 26ರ ದೆಹಲಿಯನ್ನು ಟೀವಿಯಲ್ಲಿ ನೋಡಿ ಬೆಳೆದ ಕಣ್ಣಿಗೆ ಫಿರಂಗಿ, ಕ್ಷಿಪಣಿ ಬರಬೇಕಿತ್ತು. ಬಂದದ್ದು ಶಾಲೆಗಳು. ಒಂದರ ಹಿಂದೆ ಒಂದು, ನೂರಕ್ಕೂ ಹೆಚ್ಚು! ಪ್ರತಿ ಶಾಲೆಗೂ ಅದರದೇ ಬಾವುಟ, ಹಲವಕ್ಕೆ ಬ್ಯಾಂಡು. ಹೆಜ್ಜೆ ತಪ್ಪಿದವರನ್ನು ಗದರಿಸಲು ಪಿ.ಟಿ. ಮೇಷ್ಟ್ರಿಲ್ಲ, ಕೈಯಲ್ಲಿ ಐಸ್‌ಕ್ರೀಮು ಹಿಡಿದವರೂ ಮೆರವಣಿಗೆಯಲ್ಲೇ ಇದ್ದರು. ‘ಹುರ್ರಾ’ ಎಂದು ಕಿರುಚಿ ಕಿರುಚಿ ಎಲ್ಲರ ಗಂಟಲೂ ಒಡೆದಿತ್ತು. ರಸ್ತೆಯ ತುದಿಗೆ ಅರಮನೆ. ಅದರ ಬಾಲ್ಕನಿಯಲ್ಲಿ ರಾಜ ಐದನೇ ಹರಾಲ್ಡ್ ಕುಟುಂಬದೊಂದಿಗೆ ನಿಂತು ಈ ಮಕ್ಕಳಿಗೆ ಕೈಬೀಸುತ್ತಲೇ ಇದ್ದರು, ಗಂಟೆಗಟ್ಟಲೆ. ಸೆಲ್ಯೂಟ್ ಸ್ವೀಕರಿಸುವ ದೊರೆಗಿಂತ ಈ ದೊರೆಯ ಕೆಲಸವೇ ಕಷ್ಟದ್ದು ಅನ್ನಿಸಿತು.

ಅಸಲಿಗೆ ಇದು ಸ್ವಾತಂತ್ರ್ಯ ದಿನವೇ ಅಲ್ಲ. 1814ರ ಮೇ 17ರಂದು ಐಡ್ಸ್‌ವೋಲ್ ಎಂಬಲ್ಲಿ ಸಂವಿಧಾನಕ್ಕೆ ಸಹಿ ಬಿತ್ತು. ಆದರೆ ಅದೇ ವರ್ಷ ನಾರ್ವೆ ಸ್ವೀಡನ್ನಿನ ದೊರೆಯ ಕೆಳಗೆ ಬಂತು. ಆ ನಂಟು ಕಳಚಿದ್ದು 1905ರಲ್ಲಿ. ಸಹಿ ಬಿದ್ದ ದಿನವನ್ನು ಜನ ಆಚರಿಸುವುದು ದೊರೆ ಕಾರ್ಲ್ ಯೊಹಾನನಿಗೆ ಹಿಡಿಸಲಿಲ್ಲ. 1829ರಲ್ಲಿ ಚೌಕದಲ್ಲಿ ಸೇರಿದವರ ಮೇಲೆ ಕುದುರೆಪಡೆಯನ್ನೇ ನುಗ್ಗಿಸಲಾಯಿತು. ಈಗ ಅವನದೇ ಹೆಸರಿನ ರಸ್ತೆಯಲ್ಲಿ ಮಕ್ಕಳ ಮೆರವಣಿಗೆ! ಮಕ್ಕಳಿಗೆ ಹಬ್ಬವನ್ನು ಒಪ್ಪಿಸಿದವರಲ್ಲಿ ಮುಖ್ಯನಾದವನು ನಾರ್ವೆಯ ರಾಷ್ಟ್ರಗೀತೆ ಬರೆದ ಕವಿ ಬ್ಯೋರ್ನ್‌ಸನ್. 1870ರಲ್ಲಿ ಹೊರಟದ್ದು ಗಂಡುಹುಡುಗರು ಮಾತ್ರ. ಹುಡುಗಿಯರು ಸೇರಿಕೊಳ್ಳಲು 1889 ಬರಬೇಕಾಯಿತು. ಜರ್ಮನರ ವಶದಲ್ಲಿದ್ದಾಗ ಹಬ್ಬಕ್ಕೆ ನಿಷೇಧವಿತ್ತು. 1945ರ ಮೇ 8ಕ್ಕೆ ಬಿಡುಗಡೆಯಾದ ದೇಶ ಒಂಬತ್ತೇ ದಿನದಲ್ಲಿ ಮತ್ತೆ ಬೀದಿಗಿಳಿಯಿತು.

ಮೇ ತಿಂಗಳಲ್ಲಿ ಆ ಕಡೆ ಹೋಗುವವರು ಈ ಮೆರವಣಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಹಾಲು, ಬ್ರೆಡ್ಡು ಮಾತ್ರ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಆವತ್ತು ಹೆಚ್ಚಿನ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ.