ಡೆಲ್ಲಿ ಚಳಿಗೆ ಒಂದೇ ಟ್ರಾಲಿ: ಮೂರು ದಿನ ಆಫೀಸು, ಎರಡು ದಿನ ಶಿಮ್ಲಾ

ಬೆಂಗಳೂರಲ್ಲಿ 15 ಡಿಗ್ರಿಗೆ ಇಳಿದರೆ ಸಾಕು, ನಾವು ಮಂಕಿ ಕ್ಯಾಪ್ ಹುಡುಕೋ ಜನ. ಅಂಥ ನಾನು ಎರಡು ವರ್ಷದ ಹಿಂದೆ ಜನವರಿಯಲ್ಲಿ ಆಫೀಸ್ ಕೆಲಸಕ್ಕೆ ಅಂತ ಡೆಲ್ಲಿಗೆ ಹೊರಟಾಗ ಟ್ರಾಲಿ ತುಂಬ ಬಟ್ಟೆ ಇತ್ತು. ಬೆಚ್ಚಗಿಡೋ ಬಟ್ಟೆ ಮಾತ್ರ ಇರಲಿಲ್ಲ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಆನ್‌ಲೈನಲ್ಲಿ ತಗೊಂಡ ಉದ್ದನೆ ಕೋಟು, ಒಳಗೆ ತೆಳ್ಳನೆ ಕಾಟನ್ ಶರ್ಟು, ಕಾಲಿಗೆ ಹೀಲ್ಸ್. "ಒಂದು ಸ್ವೆಟರ್ ಇಟ್ಕೊಳ್ಳೇ" ಅಂತ ಅಮ್ಮ ಹೇಳಿದ್ದಕ್ಕೆ, "ಕೋಟು ಇದೆಯಲ್ಲಮ್ಮಾ" ಅಂದಿದ್ದೆ.

ಕನ್ನಾಟ್ ಪ್ಲೇಸ್ ಹತ್ತಿರದ ಹಳೇ ಕಟ್ಟಡ. ಮೀಟಿಂಗ್ ರೂಮಿನ ಒಂದು ಮೂಲೆಯಲ್ಲಿ ಹೀಟರ್, ನಾನು ನಿಂತು ಮಾತಾಡಬೇಕಾಗಿದ್ದು ಇನ್ನೊಂದು ಮೂಲೆಯಲ್ಲಿ. ಎರಡನೇ ಸ್ಲೈಡ್ ಬರುವ ಹೊತ್ತಿಗೆ ಹಲ್ಲು ಕಟಕಟ ಅನ್ನೋಕೆ ಶುರುವಾಯಿತು. ಅಂಕಿ ಅಂಶ ಎಲ್ಲಾ ಬಾಯಿಪಾಠ ಇದ್ದರೂ ದನಿ ನಡುಗುತ್ತಿತ್ತು. ಮುಗಿದ ಮೇಲೆ ಆ ಕಡೆಯ ಹಿರಿಯ ಮೇಡಂ ಒಬ್ಬರು ಬೆನ್ನು ತಟ್ಟಿ, "ಮೊದಲನೇ ಸಲ ಅಲ್ವಾ, ಗಾಬರಿ ಆಗೋದು ಸಹಜ" ಅಂದರು. ಗಾಬರಿ ಅಲ್ಲ ಮೇಡಂ, ಚಳಿ ಅಂತ ಹೇಳೋಕೆ ಬಾಯಿ ಬರಲಿಲ್ಲ. ಮುಂದಿನ ಪ್ರೆಸೆಂಟೇಷನ್ನು ನನ್ನ ಸಹೋದ್ಯೋಗಿಯ ಪಾಲಾಯಿತು.

ಈ ಜನವರಿಯಲ್ಲಿ ಮತ್ತೆ ಅದೇ ಊರು, ಅದೇ ರೂಮು, ಮಾತಾಡುವ ಸರದಿ ನನ್ನದೇ. ಕೆಲಸ ಮುಗಿಸಿ ಸೋಮವಾರ ಒಂದು ರಜೆ ಹಾಕಿ ಶಿಮ್ಲಾ ನೋಡಿಕೊಂಡು ಬರೋದು ಅಂತಾನೂ ತೀರ್ಮಾನ ಆಗಿತ್ತು. ಹಾಗಾಗಿ ಈ ಸಲ ಸ್ಲೈಡಿಗಿಂತ ಮೊದಲು ಬ್ಯಾಗಿನ ಬಗ್ಗೆ ಯೋಚಿಸಿದೆ.

ಡೆಲ್ಲಿ ಚಳಿ ಯಾಕೆ ಬೇರೆ?

ಜನವರಿಯಲ್ಲಿ ಡೆಲ್ಲಿ ರಾತ್ರಿ ಆರೇಳು ಡಿಗ್ರಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತೆ. ಬರೀ ಅಂಕಿ ನೋಡಿದರೆ ಯೂರೋಪಿಗೆ ಹೋಗಿಬಂದವರು ನಗ್ತಾರೆ. ಆದರೆ ಅಲ್ಲಿನ ಮನೆ, ಆಫೀಸುಗಳೆಲ್ಲ ಮೇ ತಿಂಗಳ 45 ಡಿಗ್ರಿ ಬಿಸಿಲನ್ನು ತಡೆಯೋಕೆ ಅಂತ ಕಟ್ಟಿದವು. ಕಲ್ಲಿನ ನೆಲ, ಎತ್ತರದ ಸೂರು, ಗಾಳಿ ನುಗ್ಗುವ ಕಿಟಕಿ. ಹೊರಗಿನ ಚಳಿ ಒಳಗೂ ಇರುತ್ತೆ. ಮಂಜು ಕವಿದರೆ ಸೂರ್ಯನೇ ಕಾಣಲ್ಲ, ಮಧ್ಯಾಹ್ನವೂ ಮೈ ಕಾಯಲ್ಲ.

ತಮಾಷೆ ಏನು ಗೊತ್ತಾ? ಕೆಲವು ರಾತ್ರಿ ಡೆಲ್ಲಿಯೇ ಶಿಮ್ಲಾಗಿಂತ ತಣ್ಣಗಿರುತ್ತೆ. ಶಿಮ್ಲಾ ಇರೋದು ಸುಮಾರು 2,200 ಮೀಟರ್ ಎತ್ತರದಲ್ಲಿ, ಬಯಲಿನ ಮಂಜಿನ ಹೊದಿಕೆಗಿಂತ ಮೇಲೆ. ಮೋಡ ಇಲ್ಲದ ದಿನ ಅಲ್ಲಿ ಒಳ್ಳೆ ಬಿಸಿಲು. ಅಂದರೆ ಗಿರಿಧಾಮಕ್ಕೆ ಅಂತ ತಗೊಂಡು ಹೋಗೋ ಬಟ್ಟೆ ಆಫೀಸಿಗೂ ಬೇಕು. ಎರಡು ಬ್ಯಾಗು ಬೇಡ, ಎರಡೂ ಕಡೆ ನಡೆಯೋ ಒಂದೇ ಬ್ಯಾಗು ಸಾಕು.

ದಪ್ಪ ಅಲ್ಲ, ಪದರ

ನಮ್ಮನ್ನು ಬೆಚ್ಚಗಿಡೋದು ಬಟ್ಟೆಯ ದಪ್ಪಕ್ಕಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದಕ್ಕೇ ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರ ಮೇಲು. ಮೈಗೆ ಅಂಟಿಕೊಂಡಂತೆ ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯೋ ಕೋಟು. ಒಳಗಿನ ಪದರಕ್ಕೆ ಕಾಟನ್ ಬೇಡ. ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತೆ, ಆಮೇಲೆ ಅದೇ ಚಳಿ ಹುಟ್ಟಿಸುತ್ತೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತೆ.

ಪದರದ ಇನ್ನೊಂದು ಲಾಭ ಮೆಟ್ರೊ ಹತ್ತಿದಾಗ ಗೊತ್ತಾಗುತ್ತೆ. ಹೊರಗೆ ನಡುಕ, ಒಳಗೆ ಜನಸಂದಣಿಯ ಸೆಕೆ. ತಲೆಯಿಂದ ಎಳೆದು ತೆಗೆಯೋ ಸ್ವೆಟರ್ ಹಾಕಿದ್ದರೆ ಕೂದಲೂ ಹೋಯಿತು, ಮರ್ಯಾದೆಯೂ ಹೋಯಿತು. ಮುಂದೆ ಬಟನ್ ಇರೋ ಕಾರ್ಡಿಗನ್ ತಗೊಳ್ಳಿ.

ಲೆಕ್ಕ ಹಾಕಿ ತುಂಬಿದ್ದು

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯವಾಗಿ 7 ಕಿಲೊ ಮಿತಿ. ಅದರೊಳಗೇ ಮುಗಿಸಬೇಕು ಅಂತ ಹಟ ತೊಟ್ಟೆ. ಯಾಕಂದ್ರೆ ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ಡೆಲ್ಲಿ ವಿಮಾನಗಳು ತಡ ಆಗೋದು ಮಾಮೂಲು. ಬೆಲ್ಟ್ ಮುಂದೆ ಬ್ಯಾಗಿಗಾಗಿ ಕಾಯುತ್ತಾ ನಿಲ್ಲೋಕೆ ಆಗ ಟೈಮೇ ಇರಲ್ಲ.

ನನ್ನ ಪಟ್ಟಿ ಹೀಗಿತ್ತು. ಥರ್ಮಲ್ ಎರಡು ಜೊತೆ. ಮೇಲೆ ಹಾಕೋಕೆ ನಾಲ್ಕು: ಎರಡು ಶರ್ಟು, ಒಂದು ಕಪ್ಪು ಹೈನೆಕ್, ಒಂದು ಉಣ್ಣೆ ಕುರ್ತಾ. ಕೆಳಗೆ ಮೂರು: ಕಪ್ಪು ಪ್ಯಾಂಟು, ಬೂದು ಉಣ್ಣೆ ಪ್ಯಾಂಟು, ಒಂದು ಜೀನ್ಸು. ಯಾವುದನ್ನು ಯಾವುದರ ಜೊತೆ ಹಾಕಿದರೂ ಒಪ್ಪುವಂತೆ ಬಣ್ಣ ಆರಿಸಿದರೆ ನಾಲ್ಕು ಮೂರಲೆ ಹನ್ನೆರಡು. ಐದು ದಿನಕ್ಕೆ ಧಾರಾಳ. ಎಲ್ಲಾ ಕಪ್ಪು, ಬೂದು, ನೇವಿ ಬ್ಲೂ ಆದರೆ ಸಪ್ಪೆ ಅನಿಸುತ್ತೆ ಅಂತ ಒಂದು ಕುಂಕುಮ ಬಣ್ಣದ ಶಾಲು. ಅದು ಮೀಟಿಂಗಲ್ಲಿ ಹೆಗಲ ಮೇಲೆ, ವಿಮಾನದಲ್ಲಿ ಹೊದಿಕೆ, ಬೆಟ್ಟದಲ್ಲಿ ಕಿವಿಗೆ ಸುತ್ತೋಕೆ.

ಕೋಟು, ಕಾರ್ಡಿಗನ್, ಬೂಟು ಬ್ಯಾಗಿಗೆ ಹಾಕಲೇ ಇಲ್ಲ, ಮೈಮೇಲೇ ಹಾಕಿಕೊಂಡು ಹೊರಟೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಾಲ್ಕು ಜನ ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಉಣ್ಣೆ ಬಟ್ಟೆ ದಿನಾ ಒಗೆಯೋದು ಬೇಕಿಲ್ಲ. ರಾತ್ರಿ ಹ್ಯಾಂಗರಿಗೆ ಹಾಕಿ ಗಾಳಿಗೆ ಬಿಟ್ಟರೆ ಬೆಳಗ್ಗೆ ಮತ್ತೆ ಹಾಕಬಹುದು. ದಿನಾ ಬದಲಿಸಬೇಕಾದ್ದು ಥರ್ಮಲ್ ಮತ್ತು ಸಾಕ್ಸ್. ಗಂಡಸರಿಗೆ ಒಂದು ಮಾತು: ಥರ್ಮಲ್, ಶರ್ಟಿನ ಮೇಲೆ ಉಣ್ಣೆಯ ನೆಹರು ಜಾಕೆಟ್ ಹಾಕಿ ನೋಡಿ. ಡೆಲ್ಲಿ ಆಫೀಸುಗಳಲ್ಲಿ ಅದು ಬ್ಲೇಜರ್‌ನಷ್ಟೇ ಸಲ್ಲುತ್ತೆ, ತೂಕ ಅರ್ಧ.

ಎರಡನೇ ರಾತ್ರಿ ಡಿನ್ನರ್ ಇತ್ತು. ಅದಕ್ಕೆ ಒಂದು ಮೈಸೂರು ಸಿಲ್ಕ್ ಸೀರೆ ಮಡಚಿಟ್ಟಿದ್ದೆ. ಅಂಗೈಯಗಲ ಜಾಗ ಸಾಕು, ರೇಷ್ಮೆ ಬೆಚ್ಚಗೂ ಇರುತ್ತೆ. ರವಿಕೆ ಬದಲು ಅದೇ ಕಪ್ಪು ಹೈನೆಕ್, ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಬೂಟು. ಬೆನ್ನು ತಟ್ಟಿದ್ದ ಅದೇ ಮೇಡಂ ಸೆರಗು ಮುಟ್ಟಿ ನೋಡಿ, ಯಾವ ಊರಿನ ರೇಷ್ಮೆ ಅಂತ ಕೇಳಿದರು. 1912ರಲ್ಲಿ ಮಹಾರಾಜರ ಕಾಲದಲ್ಲಿ ಮೈಸೂರಲ್ಲಿ ಶುರುವಾದ ಕಾರ್ಖಾನೆಯಿಂದ ಹಿಡಿದು ಜರಿಯವರೆಗೆ ಹೇಳಿದೆ. ಅವತ್ತು ಬೆಳಗ್ಗೆ ಅವರು ಕೇಳಿದ ಎರಡು ಕಷ್ಟದ ಪ್ರಶ್ನೆಗೂ ಉತ್ತರ ಕೊಟ್ಟಿದ್ದೆ. ದನಿ ನಡುಗಿರಲಿಲ್ಲ.

ರೈಲು ಹತ್ತಿದ ಹಾಗೆ ಪದರವೂ ಹತ್ತಿತು

ಶನಿವಾರ ಬೆಳಗಿನ ಶತಾಬ್ದಿಯಲ್ಲಿ ಕಾಲ್ಕಾ, ಅಲ್ಲಿಂದ ಪುಟಾಣಿ ರೈಲು. 1903ರಲ್ಲಿ ಶುರುವಾದ ಈ ದಾರಿ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. 96 ಕಿಲೊಮೀಟರು, ನೂರಕ್ಕೂ ಹೆಚ್ಚು ಸುರಂಗ, ಐದಾರು ಗಂಟೆ. ಬೋಗಿ ಎಷ್ಟು ಕಿರಿದು ಅಂದ್ರೆ ದೊಡ್ಡ ಸೂಟ್‌ಕೇಸ್ ತಂದವರು ಅದನ್ನು ಎಲ್ಲಿಡೋದು ಅಂತ ಪರದಾಡುತ್ತಿದ್ದರು. ನನ್ನ ಟ್ರಾಲಿ ಸೀಟಿನ ಪಕ್ಕದಲ್ಲೇ ಕೂತಿತು.

ಕಾಲ್ಕಾದಲ್ಲಿ ಶರ್ಟು, ಥರ್ಮಲ್ ಸಾಕಾಗಿತ್ತು. ಒಂದು ಕಿಲೊಮೀಟರಿಗೂ ಉದ್ದದ ಸುರಂಗ ದಾಟಿ ಬರೋಗ್‌ನಲ್ಲಿ ಟೀ ಕುಡಿಯುವಾಗ ಕಾರ್ಡಿಗನ್ ಬೇಕಾಯಿತು. ಕತ್ತಲಾಗುವ ಹೊತ್ತಿಗೆ ಶಿಮ್ಲಾದಲ್ಲಿ ಇಳಿದಾಗ ಕೋಟು, ಶಾಲು, ಟೋಪಿ ಎಲ್ಲಾ ಮೈಮೇಲೆ. ಮಾರನೇ ದಿನ ಮೀಟಿಂಗಿನ ಬೂದು ಪ್ಯಾಂಟು, ಬೂಟಿನಲ್ಲೇ ರಿಡ್ಜ್ ಮೇಲೆ ಅಡ್ಡಾಡಿದೆ. ಹಿಮದಲ್ಲಿ ಓಡಾಡುವುದಿದ್ದರೆ ಜೀನ್ಸ್ ಬೇಡ, ನೆನೆದರೆ ಬೇಗ ಒಣಗಲ್ಲ. ಜಾಖೂ ಬೆಟ್ಟದ ಆಂಜನೇಯನ ಗುಡಿಗೆ ಹೋಗುವಾಗ ಕೂಲಿಂಗ್ ಗ್ಲಾಸ್ ಬ್ಯಾಗಿನೊಳಗೆ ಇಡಿ. ಅಲ್ಲಿನ ಕೋತಿಗಳಿಗೂ ಫ್ಯಾಷನ್ ಹುಚ್ಚು, ಕಣ್ಣ ಮುಂದೇನೇ ಕಿತ್ಕೊಂಡು ಓಡ್ತಾವೆ.

ಬರುವಾಗ ಟ್ರಾಲಿಯಲ್ಲಿ ಉಳಿದಿದ್ದ ಜಾಗಕ್ಕೆ ಒಂದು ಕುಲ್ಲು ಶಾಲು ಸೇರಿತು, ಅಮ್ಮನಿಗೆ. ಪ್ರಾಜೆಕ್ಟ್ ಸಿಗುತ್ತೋ ಇಲ್ವೋ ಇನ್ನೂ ಗೊತ್ತಾಗಿಲ್ಲ. ಸಿಗದಿದ್ದರೆ ಕಾರಣ ನನ್ನ ಲೆಕ್ಕದಲ್ಲಿ ಇರಬಹುದು, ಹಲ್ಲಿನಲ್ಲಂತೂ ಅಲ್ಲ. ಫೋನಲ್ಲಿ ಅಮ್ಮ ಕೇಳಿದ್ದು ಒಂದೇ: "ಸ್ವೆಟರ್ ಹಾಕ್ಕೊಂಡಿದ್ಯಾ?"

"ಎರಡು ಹಾಕ್ಕೊಂಡಿದ್ದೆ ಅಮ್ಮಾ."